ಚಾಗ್ಲಾ ಅವರ ಮೇಲಿನ ಗೌರವ ಮತ್ತು ನನ್ನ ತಕರಾರು

ನಿವೃತ್ತ ನ್ಯಾಯಮೂರ್ತಿಗಳು ಸರ್ಕಾರ ಕೊಡುವ ಹುದ್ದೆಗೆ ಹೋಗಬಹುದೇ? ದಾವಣಗೆರೆಯ ನಮ್ಮ ವಕೀಲರ ನಡುವೆ ಈ ಚರ್ಚೆ ಎದ್ದಾಗಲೆಲ್ಲ ಕಿರಿಯರೊಬ್ಬರು ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದು ಆಮೇಲೆ ರಾಯಭಾರಿಯಾದ ಎಂ.ಸಿ. ಚಾಗ್ಲಾ ಅವರ ಹೆಸರು ಎತ್ತುತ್ತಾರೆ. "ಅಂಥವರೇ ಹೋಗಲಿಲ್ಲವೇ ಸರ್?" ಹೋದರು, ನಿಜ. ಹೋಗಬಾರದಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

1900ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಚಾಗ್ಲಾ ಆಕ್ಸ್‌ಫರ್ಡ್‌ನಲ್ಲಿ ಓದಿ, ಬ್ಯಾರಿಸ್ಟರ್ ಆಗಿ ಬಂದು, ಜಿನ್ನಾ ಅವರ ಕೈಕೆಳಗೆ ವಕೀಲಿ ಕಲಿತವರು. ಭಾರತದ ಸಂವಿಧಾನಕ್ಕೆ ಕರಡು ರೂಪಿಸಿದ 1928ರ ನೆಹರೂ ವರದಿಯ ವಿಷಯದಲ್ಲಿ ಅದೇ ಜಿನ್ನಾ ಅವರಿಂದ ದೂರವಾದರು. ಹಿರಿಯರ ಕಚೇರಿಯಲ್ಲಿ ಪಳಗಿದವರಿಗೆ ಗೊತ್ತು, ಗುರುವಿನ ಎದುರು ನಿಲ್ಲಲು ಎಂಥ ಎದೆ ಬೇಕೆಂದು. 1947ರಲ್ಲಿ ಅವರು ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು.

1958ರ ಮುಂದ್ರಾ ಪ್ರಕರಣವನ್ನು ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯೂ ಓದಬೇಕು. ಉದ್ಯಮಿ ಹರಿದಾಸ್ ಮುಂದ್ರಾನ ಆರು ಕಂಪನಿಗಳ ಷೇರುಗಳಿಗೆ ಜೀವ ವಿಮಾ ನಿಗಮ 1.24 ಕೋಟಿ ರೂಪಾಯಿ ಸುರಿದಿತ್ತು. ಚಾಗ್ಲಾ ಏಕಸದಸ್ಯ ಆಯೋಗವಾಗಿ ಬಹಿರಂಗ ವಿಚಾರಣೆ ನಡೆಸಿದರು. ಹೊರಗೆ ನೆರೆದ ಜನರಿಗೂ ಕೇಳಲೆಂದು ಧ್ವನಿವರ್ಧಕ ಹಾಕಿಸಲಾಯಿತು. ತಿಂಗಳೊಳಗೆ ವಿಚಾರಣೆ ಮುಗಿಯಿತು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ವರ್ಷಗಟ್ಟಲೆ ಎಳೆಯುವ ಇಂದಿನ ಆಯೋಗಗಳನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಅದೇ ವರ್ಷ ಅದೇ ಸರ್ಕಾರ ಅವರನ್ನು ಅಮೆರಿಕಕ್ಕೆ ರಾಯಭಾರಿಯಾಗಿ ಕಳಿಸಿತು. ನ್ಯಾಯಮೂರ್ತಿಗಳು ನಿವೃತ್ತಿಯ ನಂತರ ಸರ್ಕಾರಿ ಹುದ್ದೆ ಸ್ವೀಕರಿಸಬಾರದೆಂದು ಸೆಟಲ್ವಾಡ್ ನೇತೃತ್ವದ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಹೇಳಿದ್ದೂ 1958ರಲ್ಲೇ. ಚಾಗ್ಲಾ ಆ ಆಯೋಗದ ಸದಸ್ಯರಾಗಿದ್ದರು! ವಾಷಿಂಗ್ಟನ್‌ನಲ್ಲಿ ರಾಯಭಾರಿಯಾಗಿದ್ದಾಗಲೇ ಅವರು ಭಾರತದ ವಿರುದ್ಧ ಪೋರ್ಚುಗಲ್ ಹೂಡಿದ್ದ ದಾದ್ರಾ–ನಗರ ಹವೇಲಿ ದಾವೆಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ತಾತ್ಕಾಲಿಕ ನ್ಯಾಯಮೂರ್ತಿಯಾಗಿಯೂ ಕುಳಿತರು. ನಿಯಮದಲ್ಲಿ ಅಡ್ಡಿಯಿರಲಿಲ್ಲ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ.

ಅವರ ಪ್ರಾಮಾಣಿಕತೆಯ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ರಾಯಭಾರಿಯಾಗಿ, ಆಮೇಲೆ ಸಚಿವರಾಗಿ ದೇಶದ ಪರ ದಿಟ್ಟವಾಗಿ ವಾದಿಸಿದರು. 1964ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಪಾಕಿಸ್ತಾನದ ವಿದೇಶಾಂಗ ಸಚಿವ ಭುಟ್ಟೋ ಎದುರು ಕಾಶ್ಮೀರದ ವಾದ ಮಂಡಿಸಿದವರು ಜಿನ್ನಾ ಅವರ ಈ ಹಳೆಯ ಶಿಷ್ಯರೇ. ತುರ್ತು ಪರಿಸ್ಥಿತಿಯನ್ನೂ ಬಹಿರಂಗವಾಗಿ ವಿರೋಧಿಸಿದರು. ಆದರೆ ಭದ್ರಾ ಮೇಲ್ದಂಡೆ ಕಾಲುವೆಗೆ ಜಮೀನು ಬಿಟ್ಟುಕೊಟ್ಟು, ಪರಿಹಾರಕ್ಕಾಗಿ ಸರ್ಕಾರದ ವಿರುದ್ಧವೇ ದಾವೆ ಹೂಡುವ ಜಗಳೂರಿನ ರೈತ ನ್ಯಾಯಾಧೀಶರ ಅಂತರಂಗ ನೋಡಲಾರ. ತೀರ್ಪು ಕೊಟ್ಟವರು ನಾಳೆ ಆ ಸರ್ಕಾರದ್ದೇ ಹುದ್ದೆಯಲ್ಲಿ ಕುಳಿತರೆ ಅವನಿಗೆ ಕಾಣುವುದು ಅಷ್ಟೇ.

ಸಂವಿಧಾನದ 148ನೇ ವಿಧಿ ಮಹಾಲೇಖಪಾಲರಿಗೆ (ಸಿಎಜಿ), 319ನೇ ವಿಧಿ ಕೇಂದ್ರ ಲೋಕಸೇವಾ ಆಯೋಗದ ಅಧ್ಯಕ್ಷರಿಗೆ ಮುಂದೆ ಸರ್ಕಾರಿ ಹುದ್ದೆ ಹಿಡಿಯುವುದನ್ನು ನಿಷೇಧಿಸಿದೆ. ನ್ಯಾಯಮೂರ್ತಿಗಳಿಗೆ ಅಂಥ ತಡೆಯಿಲ್ಲ. ಪೀಠದಿಂದ ಇಳಿದ ಮೇಲೆ ಕನಿಷ್ಠ ಎರಡು ವರ್ಷವಾದರೂ ಇಂಥ ಹುದ್ದೆ ಬೇಡವೆಂದು ಕಾನೂನು ಬರಬೇಕು. ನಮ್ಮ ಜಿಲ್ಲೆಯ ವಕೀಲರು ಈ ಬಗ್ಗೆ ಒಂದು ಗೊತ್ತುವಳಿ ಮಾಡಿ ಸಂಸದರ ಕೈಗೆ ಕೊಡೋಣ. ಕರಡು ಬರೆಯಲು ನಾನು ಸಿದ್ಧ.