ಲೌಂಜ್‌ಗೋಸ್ಕರ ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳಬೇಕಾ?

ಪರ: ಕೂತು ಕಾಯೋಕೆ ಒಂದು ಜಾಗ ಸಿಕ್ಕರೆ ತಪ್ಪೇನು?

ವಿಮಾನ ನಿಲ್ದಾಣದಲ್ಲಿ ಕೆಲವು ಕ್ರೆಡಿಟ್ ಕಾರ್ಡ್ ಇದ್ದವರನ್ನು ಬಿಡುವ ಕಾಯೋ ಕೋಣೆ ಇರುತ್ತದಲ್ಲ, ಲೌಂಜ್, ಅದರ ಹೆಸರು ಎತ್ತಿದ ತಕ್ಷಣ ಜನ ಊಟದ ಮಾತು ಎತ್ತುತ್ತಾರೆ. ಪುಕ್ಕಟೆ ತಿನ್ನೋಕೆ ಹೋಗ್ತೀಯಾ ಅಂತ ನಗುತ್ತಾರೆ. ನಗಲಿ ಬಿಡಿ. ನಾನು ಹೋಗುವುದು ಕುರ್ಚಿಗೆ, ಚಾರ್ಜಿಂಗ್ ಪಾಯಿಂಟ್‌ಗೆ, ಮತ್ತೆ ಸಾಲು ನಿಲ್ಲದೆ ಸಿಗುವ ಶೌಚಾಲಯಕ್ಕೆ.

ಒಂದು ರಾತ್ರಿ ವಿಮಾನ ಒಂದು ಗಂಟೆ ತಡ ಅಂದರು. ಆಮೇಲೆ ಎರಡು ಅಂದರು. ಕೊನೆಗೆ ಅದು ಹೊರಟಿದ್ದು ಬೆಳಕು ಹರಿದ ಮೇಲೆ. ಜೊತೆಗೆ ಅಮ್ಮ ಇದ್ದರು, ಅವರಿಗೆ ಮಂಡಿನೋವು. ಗೇಟ್ ಹತ್ತಿರದ ಕುರ್ಚಿಗಳಿಗೆ ಯಾರೂ ಮಲಗಬಾರದು ಅಂತ ಮಧ್ಯೆ ಮಧ್ಯೆ ಕಬ್ಬಿಣದ ಕೈ ಇರುತ್ತವಲ್ಲ, ಅಂಥ ಕುರ್ಚಿಗಳು. ಅಮ್ಮ ಹತ್ತು ನಿಮಿಷ ಕೂರುವುದು, ಎದ್ದು ಓಡಾಡುವುದು, ಮತ್ತೆ ಕೂರುವುದು. ನನ್ನ ಕಾರ್ಡ್‌ನಲ್ಲಿ ವರ್ಷಕ್ಕೆ ನಾಲ್ಕು ಸಲ ಲೌಂಜ್ ಇದೆ ಅನ್ನೋದು ಆಗ ನೆನಪಾಯಿತು. ನನಗೊಂದು, ಅಮ್ಮನಿಗೊಂದು ಅಂತ ಎರಡು ಸಲ ಲೆಕ್ಕ ಹಿಡಿದುಕೊಂಡು ಒಳಗೆ ಬಿಟ್ಟರು. ಮೂಲೆಯ ಸೋಫಾದಲ್ಲಿ ಕಾಲು ಚಾಚಿ, ಚಪ್ಪಲಿಯನ್ನು ಜೋಡಿಸಿ ಕೆಳಗಿಟ್ಟು, ಅಮ್ಮ ನಿದ್ದೆ ಹೋದರು. ಅವತ್ತು ಅಲ್ಲಿ ಏನು ತಿಂದೆ ಅಂತ ನನಗೆ ನೆನಪೇ ಇಲ್ಲ.

ಈ ಜಾಗಗಳು ಮೊದಲಿಂದ ನಮ್ಮಂಥವರಿಗೆ ತೆರೆದಿರಲಿಲ್ಲ. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ನ್ಯೂಯಾರ್ಕಿನ ಲಾ ಗಾರ್ಡಿಯಾ ನಿಲ್ದಾಣದಲ್ಲಿ ಅಡ್ಮಿರಲ್ಸ್ ಕ್ಲಬ್ ಅನ್ನೋ ಲೌಂಜ್ ಶುರು ಮಾಡಿದಾಗ ಒಳಗೆ ಹೋಗಲು ಕಂಪನಿಯವರೇ ಕರೆಯಬೇಕಿತ್ತು. ಅಂದರೆ ಅವರ ಕಣ್ಣಿಗೆ ನೀವು ದೊಡ್ಡ ಮನುಷ್ಯರಾಗಿ ಕಾಣಬೇಕು. 1992ರಲ್ಲಿ ಪ್ರಯಾರಿಟಿ ಪಾಸ್ ಬಂತು. ಯಾವ ವಿಮಾನ, ಯಾವ ಕ್ಲಾಸ್ ಅಂತ ಕೇಳದೆ ಸದಸ್ಯರನ್ನು ಬೇರೆ ಬೇರೆ ಲೌಂಜ್‌ಗಳಿಗೆ ಬಿಡುವ ವ್ಯವಸ್ಥೆ ಅದು. ಆಮೇಲೆ ಬ್ಯಾಂಕುಗಳು ಆ ಸದಸ್ಯತ್ವವನ್ನೇ ಕಾರ್ಡ್ ಜೊತೆ ಕೊಡಲು ಶುರು ಮಾಡಿದವು. ಅಗ್ಗದ ಟಿಕೆಟ್ ಹಿಡಿದು ಕೊನೆಯ ಸಾಲಿನ ನಡುವಿನ ಸೀಟಲ್ಲಿ ಕೂರುವವನಿಗೂ ಹೊರಡುವ ಮುಂಚೆ ಎರಡು ಗಂಟೆ ನೆಮ್ಮದಿ ಸಿಕ್ಕಿದ್ದು ಹೀಗೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ ಅಂತ ನನಗೆ ಅರ್ಥವಾಗಲ್ಲ.

ದುಡ್ಡಿನ ಮಾತಿಗೆ ಬರೋಣ. ಕಾರ್ಡ್‌ಗೆ ವಾರ್ಷಿಕ ಶುಲ್ಕ ಇದ್ದರೆ ಅದು ಹೇಗೂ ಹೋಗುತ್ತದೆ, ನೀವು ಲೌಂಜ್ ಒಳಗೆ ಕೂತರೂ ಹೋಗುತ್ತದೆ, ಹೊರಗೆ ನೆಲದ ಮೇಲೆ ಬ್ಯಾಗ್ ಹಾಕಿಕೊಂಡು ಕೂತರೂ ಹೋಗುತ್ತದೆ. ಎಷ್ಟೋ ಜನ ತಮ್ಮ ಕಾರ್ಡ್‌ನಲ್ಲಿ ಈ ಸೌಲಭ್ಯ ಇದೆ ಅಂತಲೇ ತಿಳಿಯದೆ ಶುಲ್ಕ ಕಟ್ಟುತ್ತಿರುತ್ತಾರೆ. ಬ್ಯಾಂಕಿಗೆ ಅಂಥವರನ್ನು ಕಂಡರೆ ಬಲು ಪ್ರೀತಿ.

ಸ್ವಲ್ಪ ತಯಾರಿ ಬೇಕು, ಅಷ್ಟೇ. ಒಂದೇ ಬ್ಯಾಂಕಿನ ಎರಡು ಕಾರ್ಡ್‌ಗಳಿಗೆ ಎರಡು ಬೇರೆ ಲೌಂಜ್ ಪಟ್ಟಿ ಇರಬಹುದು. ಲೌಂಜ್ ನಿಮ್ಮ ಟರ್ಮಿನಲ್‌ನಲ್ಲೇ ಇದೆಯಾ, ಸೆಕ್ಯುರಿಟಿ ದಾಟಿದ ಮೇಲಾ, ಮುಂಚೆನಾ, ಜೊತೆಗೆ ಬಂದವರಿಗೆ ದುಡ್ಡು ಹಿಡಿಯುತ್ತಾರಾ ಅಂತ ಹಿಂದಿನ ದಿನ ಆ್ಯಪ್‌ನಲ್ಲಿ ನೋಡಿಕೊಂಡರೆ ಸಾಕು. ಮಗು ಇದ್ದರೆ ಎಷ್ಟು ವರ್ಷದವರೆಗೆ ಪುಕ್ಕಟೆ ಅನ್ನುವುದನ್ನೂ ನೋಡಿ, ಒಂದೊಂದು ಕಡೆ ಒಂದೊಂದು ಲೆಕ್ಕ.

ಅಮ್ಮ ಈಗ ಟಿಕೆಟ್ ಬುಕ್ ಮಾಡುವಾಗಲೇ ಕೇಳುತ್ತಾರೆ, "ಅಲ್ಲಿ ಸೋಫಾ ಇದೆಯಾ ನೋಡು" ಅಂತ.

ವಿರೋಧ: ಸೋಫಾಕ್ಕೆ ಬಾಡಿಗೆ ಕಟ್ಟುತ್ತಿರುವವರು ಯಾರು?

ಮೇಲೆ ಬರೆದವರ ಅಮ್ಮನ ಮಂಡಿನೋವಿನ ಮುಂದೆ ವಾದ ಮಾಡುವಷ್ಟು ಕಟುಕ ನಾನಲ್ಲ. ಅವತ್ತು ಅವರು ಮಾಡಿದ್ದು ಸರಿ. ಆದರೆ ಪ್ರಶ್ನೆ ಅದಲ್ಲ ಅಲ್ವಾ? ಕೈಯಲ್ಲಿರುವ ಕಾರ್ಡನ್ನು ಕಷ್ಟದ ರಾತ್ರಿ ಬಳಸುವುದು ಒಂದು. ಲೌಂಜ್ ಸಿಗುತ್ತದೆ ಅಂತಲೇ ಕಾರ್ಡ್ ಮಾಡಿಸಿಕೊಂಡು, ಅದಕ್ಕೆ ತಕ್ಕಂತೆ ಖರ್ಚು ಮಾಡುತ್ತಾ ಇರುವುದು ಇನ್ನೊಂದು. ನಾನು ಆ ಎರಡನೆಯದನ್ನು ಮೂರು ವರ್ಷ ಮಾಡಿದವನು.

ಲೌಂಜ್‌ನಲ್ಲಿ ಯಾವುದೂ ಪುಕ್ಕಟೆ ಅಲ್ಲ. ನೀವು ಬಾಗಿಲಲ್ಲಿ ಕಾರ್ಡ್ ಉಜ್ಜಿದ ಪ್ರತಿ ಸಲವೂ ಬ್ಯಾಂಕೋ ಕಾರ್ಡ್ ಕಂಪನಿಯೋ ತಲೆಗೆ ಇಷ್ಟು ಅಂತ ದುಡ್ಡು ಕೊಡುತ್ತದೆ. ನಡುವೆ ಒಬ್ಬ ಮಧ್ಯವರ್ತಿ ಇರುತ್ತಾನೆ, ಅವನು ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಲೌಂಜ್‌ನವರಿಗೆ ಕೊಡುತ್ತಾನೆ. ಬ್ಯಾಂಕಿಗೆ ಈ ದುಡ್ಡು ಎಲ್ಲಿಂದ ಬರುತ್ತದೆ? ಸ್ವಲ್ಪ ನಿಮ್ಮ ವಾರ್ಷಿಕ ಶುಲ್ಕದಿಂದ. ಸ್ವಲ್ಪ ಅಂಗಡಿಯವನಿಂದ: ನೀವು ಕಾರ್ಡ್ ಕೊಟ್ಟಾಗಲೆಲ್ಲ ಅವನಿಗೆ ಬರುವ ದುಡ್ಡಲ್ಲಿ ಒಂದು ಚೂರು ಕಡಿತ, ಅದನ್ನು ಅವನು ಬೆಲೆಯಲ್ಲಿ ಸೇರಿಸುತ್ತಾನೆ, ಕಾರ್ಡೇ ಇಲ್ಲದೆ ನೋಟು ಎಣಿಸಿ ಕೊಡುವವನೂ ಆ ಬೆಲೆಯನ್ನೇ ಕೊಡುತ್ತಾನೆ. ಮತ್ತೊಂದಷ್ಟು ಬರುವುದು ಬಿಲ್ ಪೂರ್ತಿ ಕಟ್ಟಲಾಗದೆ 'ಮಿನಿಮಮ್ ಡ್ಯೂ', ಅಂದರೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ ಮಾತ್ರ ಕಟ್ಟಿ ತಿಂಗಳು ತಿಂಗಳು ಬಡ್ಡಿ ತೆರುವವರಿಂದ. ಲೌಂಜ್‌ನಲ್ಲಿ ಕಾಲು ಚಾಚಿ ಕೂತವನ ಕಾಫಿಯಲ್ಲಿ ಇವರೆಲ್ಲರ ದುಡ್ಡಿದೆ. ಎಲ್ಲರಿಗೂ ಬಾಗಿಲು ತೆರೆಯಿತು ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ತೆರೆದದ್ದು ಒಳ್ಳೆ ಸಂಬಳ, ಒಳ್ಳೆ ಕ್ರೆಡಿಟ್ ಸ್ಕೋರ್ ಇರುವವರಿಗೆ. ಮುಂಚೆ ವಿಮಾನ ಕಂಪನಿ ಆರಿಸುತ್ತಿತ್ತು, ಈಗ ಬ್ಯಾಂಕ್ ಆರಿಸುತ್ತದೆ.

ಇನ್ನು ಜನಸಂದಣಿ. ಕಾರ್ಡ್ ಜಾಸ್ತಿ ಆದಷ್ಟೂ ಲೌಂಜ್ ಜಾಸ್ತಿ ಆಗಲಿಲ್ಲ, ಆಗೋದೂ ಕಷ್ಟ, ಟರ್ಮಿನಲ್ ಒಳಗೆ ಇರುವುದೇ ಅಷ್ಟು ಜಾಗ. ಹಾಗಾಗಿ ಕಾರ್ಡ್‌ನವರೇ ಕೊಟ್ಟ ಕೈಯಲ್ಲಿ ಕಿತ್ತುಕೊಳ್ಳಲು ಶುರು ಮಾಡಿದರು. ಕಾರ್ಡ್ ಕಂಪನಿ ಅಮೆರಿಕನ್ ಎಕ್ಸ್‌ಪ್ರೆಸ್ ಅಮೆರಿಕದಲ್ಲಿ ತನ್ನ ಮೊದಲ ಸೆಂಚೂರಿಯನ್ ಲೌಂಜ್ ತೆರೆದದ್ದು 2013ರಲ್ಲಿ, ಲಾಸ್ ವೇಗಸ್‌ನಲ್ಲಿ. 2019ರ ಹೊತ್ತಿಗೆ, ವಿಮಾನ ಹೊರಡಲು ಮೂರು ಗಂಟೆಗಿಂತ ಜಾಸ್ತಿ ಇದ್ದರೆ ಬರಬೇಡಿ ಅಂದಿತು. 2023ರ ಫೆಬ್ರವರಿಯಿಂದ ಅಲ್ಲಿನ ಪ್ಲಾಟಿನಂ ಕಾರ್ಡ್‌ನವರು ಜೊತೆಗೆ ಅತಿಥಿಗಳನ್ನು ಪುಕ್ಕಟೆ ಕರೆತರಬೇಕಾದರೆ ವರ್ಷಕ್ಕೆ 75,000 ಡಾಲರ್ ಖರ್ಚು ಮಾಡಿರಬೇಕು ಅಂದಿತು. ಅಮೆರಿಕದ ಡೆಲ್ಟಾ ವಿಮಾನ ಕಂಪನಿಯ ಸ್ಕೈ ಕ್ಲಬ್ ಲೌಂಜ್‌ಗಳಿಗೆ ಬೇಕಾದಷ್ಟು ಸಲ ಹೋಗಬಹುದಾಗಿದ್ದ ಕಾರ್ಡ್‌ಗಳಿಗೆ 2025ರ ಫೆಬ್ರವರಿ 1ರಿಂದ ಮಿತಿ ಬಂತು: ಒಂದಕ್ಕೆ ವರ್ಷಕ್ಕೆ 10 ಸಲ, ಇನ್ನೊಂದಕ್ಕೆ 15. ಜಾಸ್ತಿ ಖರ್ಚು ಮಾಡಿದವರಿಗೆ ಮಾತ್ರ ಮಿತಿ ಇಲ್ಲ. ಎಲ್ಲದಕ್ಕೂ ಉತ್ತರ ಒಂದೇ, ಇನ್ನೂ ಖರ್ಚು ಮಾಡಿ.

ನನಗೆ ಬುದ್ಧಿ ಬಂದದ್ದು ಒಂದು ಬೆಳಗ್ಗೆ. ಲೌಂಜ್ ಹೊರಗೆ ಸಾಲು, ನನ್ನ ಮುಂದೆ ಹದಿನೆಂಟು ಜನ, ಎಣಿಸಿದ್ದೇನೆ, ಮಾಡೋಕೆ ಬೇರೆ ಕೆಲಸ ಇರಲಿಲ್ಲವಲ್ಲ. ಇಪ್ಪತ್ತೈದು ನಿಮಿಷ ನಿಂತು ಕೌಂಟರ್ ಮುಟ್ಟಿದೆ. ಅಲ್ಲಿದ್ದ ಹುಡುಗಿ ಕಾರ್ಡ್ ಉಜ್ಜಿದಳು. ಮೆಷಿನ್ ಕುಂಯ್ ಅಂತು. ಒರೆಸಿ ಇನ್ನೊಮ್ಮೆ ಉಜ್ಜಿದಳು. "ಡಿಕ್ಲೈನ್ ಆಗ್ತಿದೆ ಸರ್, ಬೇರೆ ಕಾರ್ಡ್ ಇದೆಯಾ?" ಅಂದಳು, ಸ್ವಲ್ಪ ಮೆಲ್ಲಗೇ ಅಂದಳು ಪಾಪ. ಆಮೇಲೆ ಗೊತ್ತಾಯಿತು, ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚಾಗಿದ್ದರೆ ಮಾತ್ರ ಪ್ರವೇಶ ಅಂತ ನನ್ನ ಬ್ಯಾಂಕ್ ನಿಯಮ ಬದಲಿಸಿತ್ತು. ಅದನ್ನು ಹೇಳಿದ ಇಮೇಲ್, ರಿಯಾಯಿತಿ ಜಾಹೀರಾತುಗಳ ಜೊತೆ ಓದದೇ ಬಿದ್ದಿತ್ತು.

ಹಿಂದೆ ಸಾಲು ನಿಂತಿದೆ. ನಾನು ತಿರುಗಿ ಹೊರಟಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಜನರ ಮುಂದೆ ತಿರುಗುವುದು ಹೇಗೆ? ದುಡ್ಡು ಕೊಟ್ಟೇ ಒಳಗೆ ಹೋದೆ. ಒಳಗೆ ಕುರ್ಚಿ ಖಾಲಿ ಇರಲಿಲ್ಲ. ಒಂದು ಕುರ್ಚಿಯ ಮೇಲೆ ಯಾರದೋ ಬ್ಯಾಗ್, ಇನ್ನೊಂದರ ಮೇಲೆ ಯಾರದೋ ಎಂಜಲು ತಟ್ಟೆ. ಕಿಟಕಿ ಪಕ್ಕ ನಿಂತುಕೊಂಡೇ ಕಾಫಿ ಕುಡಿದೆ. ಎಷ್ಟೋ ಲೌಂಜ್‌ಗಳಲ್ಲಿ ವಿಮಾನದ ಅನೌನ್ಸ್‌ಮೆಂಟ್ ಮಾಡುವುದಿಲ್ಲ, ಇದೂ ಹಾಗೇ ಇತ್ತು, ಗೇಟ್ ಬದಲಾದದ್ದು ತಡವಾಗಿ ಗೊತ್ತಾಗಿ ಅರ್ಧ ಕಪ್ ಬಿಟ್ಟು ಓಡಿದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಮೂರು ವರ್ಷದ ಶುಲ್ಕ ಸೇರಿಸಿ, ಹೋದ ಸಲಗಳಿಂದ ಭಾಗಿಸಿದೆ. ನಾನೇನು ತಿಂಗಳಿಗೆ ನಾಲ್ಕು ಸಲ ಹಾರುವವನಲ್ಲ. ಒಂದು ಸಲಕ್ಕೆ ಬಿದ್ದ ದುಡ್ಡಲ್ಲಿ ವಿಮಾನ ನಿಲ್ದಾಣದ ಯಾವುದೇ ಹೋಟೆಲಲ್ಲಿ ಕೂತು ಹೊಟ್ಟೆ ತುಂಬ ತಿಂದು, ಚಿಲ್ಲರೆ ಉಳಿಸಿಕೊಂಡು ಬರಬಹುದಿತ್ತು. ಇದರ ಮೇಲೆ, ಲೌಂಜ್ ಇದೆಯಲ್ಲ ಅಂತ ಒಂದೂವರೆ ಗಂಟೆ ಬೇಗ ಮನೆ ಬಿಡುತ್ತಿದ್ದೆ. ಆ ಹೊತ್ತು ಮನೆಯಲ್ಲೇ ಮಲಗಿದ್ದರೆ ಅದಕ್ಕಿಂತ ಒಳ್ಳೆ ಲೌಂಜ್ ಯಾವುದಿತ್ತು ಹೇಳಿ. ಇನ್ನೊಂದು ವಿಷಯ ಬರೆಯೋಕೆ ಸ್ವಲ್ಪ ಮುಜುಗರ. ಕಾರ್ಡ್‌ನವರು ಹೇಳಿದ ಖರ್ಚಿನ ಗುರಿ ಮುಟ್ಟಲಿ ಅಂತ ಒಂದು ವರ್ಷ ಬೇಡದ ಹೆಡ್‌ಫೋನ್ ಕೂಡ ಕೊಂಡಿದ್ದೆ. ಇನ್ನೂ ಡಬ್ಬಿಯಲ್ಲೇ ಇದೆ.

ತಿಂಗಳಿಗೆ ಎರಡು ಮೂರು ಸಲ ಹಾರುವವರ ಲೆಕ್ಕ ಬೇರೆ. ಅವರಿಗೆ ಕಾರ್ಡ್ ದುಡ್ಡು ವಾಪಸ್ ಕೊಡಬಹುದು, ಒಪ್ಪುತ್ತೇನೆ. ವರ್ಷಕ್ಕೆ ಎರಡು ಸಲ ಊರಿಗೆ ಹೋಗಿ ಬರುವವರು ಸುಮ್ನೆ ಒಂದು ಪೆನ್ನು ಹಿಡಿದು ಈ ಭಾಗಾಕಾರ ಮಾಡಿ ನೋಡಿ.

ಕಳೆದ ತಿಂಗಳು ಕಾರ್ಡ್ ಕ್ಯಾನ್ಸಲ್ ಮಾಡಿ ಅಂತ ಬ್ಯಾಂಕಿಗೆ ಫೋನ್ ಮಾಡಿದೆ. ಹತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬರು ಸಿಕ್ಕರು. ಕಾರಣ ಕೇಳಿದರು, ಹೇಳಿದೆ. ಪೂರ್ತಿ ಕೇಳಿಸಿಕೊಂಡು ಬಹಳ ವಿನಯದಿಂದ ಅಂದರು, "ಕಾರ್ಡ್ ಇಟ್ಟುಕೊಂಡರೆ ಈ ವರ್ಷ ಇನ್ನೂ ಎರಡು ಲೌಂಜ್ ವಿಸಿಟ್ ಜಾಸ್ತಿ ಕೊಡ್ತೀವಿ ಸರ್."