ಟ್ರೀ ಪ್ರಶ್ನೆಗೆ ಕೈ ನಡುಗಿದ ಹುಡುಗಿ

ಸಾಫ್ಟ್‌ವೇರ್ ಕೆಲಸದ ಇಂಟರ್‌ವ್ಯೂನಲ್ಲಿ ಡಿಎಸ್‌ಎ, ಅಂದರೆ ಡೇಟಾ ಸ್ಟ್ರಕ್ಚರ್ (ಮಾಹಿತಿ ಜೋಡಿಸಿಡುವ ರೀತಿ) ಮತ್ತು ಅಲ್ಗಾರಿದಮ್ (ಸಮಸ್ಯೆ ಬಿಡಿಸುವ ಹಂತಗಳು), ಕೇಳಬೇಕಾ ಬೇಡವಾ ಅನ್ನುವ ವಾದ ಇದೆಯಲ್ಲ, ಅದರ ಬಗ್ಗೆ ನನ್ನದೊಂದು ಮಾತು. ಹೋದ ವಾರ ಒಂದು ಇಂಟರ್‌ವ್ಯೂ ಮಾಡಿದೆ. ದಾವಣಗೆರೆ ಕಡೆಯ ಹುಡುಗಿ, ಮೂರು ವರ್ಷದ ಅನುಭವ. ಬೈನರಿ ಟ್ರೀ (ಒಂದೊಂದು ಕಡೆಯಿಂದ ಹೆಚ್ಚೆಂದರೆ ಎರಡು ಕವಲೊಡೆಯುವ, ಮರದಂಥ ಮಾಹಿತಿ ಜೋಡಣೆ) ಪ್ರಶ್ನೆ ಕೊಟ್ಟ ಕೂಡಲೇ ಬೋರ್ಡಿನ ಮುಂದೆ ಕೈ ನಡುಗತೊಡಗಿತು. ಐದು ನಿಮಿಷ ಒಂದು ಸಾಲೂ ಬರಲಿಲ್ಲ.

ಆ ಪ್ರಶ್ನೆ ಬಿಟ್ಟೆ. "ನಿಧಾನವಾಗಿದ್ದ ಕೋಡ್ ಯಾವುದಾದರೂ ಸರಿ ಮಾಡಿದ್ದೀರಾ?" ಅಂತ ಕೇಳಿದೆ. ಮುಖ ಅರಳಿತು. ಅವಳ ಆಫೀಸಿನ ಒಂದು ರಿಪೋರ್ಟ್ ಪ್ರತಿ ಬಿಲ್ಲಿಗೂ ಗಿರಾಕಿಗಳ ಪಟ್ಟಿಯನ್ನು ಮೊದಲಿಂದ ಹುಡುಕುತ್ತಿತ್ತಂತೆ. 10,000 ಬಿಲ್ಲು, 10,000 ಗಿರಾಕಿ ಅಂದರೆ 10 ಕೋಟಿ ಸಲ ಹೋಲಿಸಬೇಕಾಗಬಹುದು. ಪಟ್ಟಿ ತೆಗೆದು, ಇಡೀ ಪಟ್ಟಿ ಹುಡುಕದೆ ಬೇಕಾದ ಗಿರಾಕಿಯನ್ನು ನೇರವಾಗಿ ತೆಗೆದುಕೊಡುವ ಹ್ಯಾಶ್ ಮ್ಯಾಪ್ ಹಾಕಿದ್ದಳು. ಇದು ಡೇಟಾ ಸ್ಟ್ರಕ್ಚರ್ ಅಲ್ಲದೆ ಇನ್ನೇನು?

ಡಿಎಸ್‌ಎ ಬೇಡವೇ ಬೇಡ ಅನ್ನುವವರ ಜೊತೆ ನಾನಿಲ್ಲ. ಜಿಟಿಎ ಆನ್‌ಲೈನ್ ಆಟ ನೆನಪಿದೆಯಾ? ಶುರುವಾಗಲು ಎಷ್ಟೋ ಜನರಿಗೆ ಆರು ನಿಮಿಷ ಬೇಕಿತ್ತು, ಅದೂ ವರ್ಷಗಟ್ಟಲೆ. 2021ರಲ್ಲಿ ಹೊರಗಿನ ಒಬ್ಬ ಪ್ರೋಗ್ರಾಮರ್ ಕಾರಣ ಹುಡುಕಿದರು. ಸುಮಾರು 63,000 ವಸ್ತುಗಳ ಪಟ್ಟಿ. ಒಂದೊಂದು ಸೇರಿಸುವಾಗಲೂ ಅದು ಮೊದಲೇ ಇದೆಯಾ ಅಂತ ಇಡೀ ಪಟ್ಟಿ ನೋಡುತ್ತಿತ್ತು. ಒಟ್ಟು 198 ಕೋಟಿ ಹೋಲಿಕೆ! ಜೊತೆಗೆ, ಫೈಲ್ ಓದುವ ಕೋಡ್ ಪ್ರತಿ ಸಲವೂ ಉಳಿದ ಅಕ್ಷರಗಳನ್ನೆಲ್ಲ ಎಣಿಸುತ್ತಿತ್ತು. ಎರಡನ್ನೂ ಸರಿ ಮಾಡಿದಾಗ ಕಾಯುವ ಸಮಯ ಶೇ. 70ರಷ್ಟು ಇಳಿಯಿತು. ಕಂಪನಿ ಅವರಿಗೆ 10,000 ಡಾಲರ್ ಕೊಟ್ಟಿತು. ಈ ತಿಳಿವಳಿಕೆ ಖಂಡಿತ ಬೇಕು.

ಆದರೆ ಲೀಟ್‌ಕೋಡ್ ಅನ್ನುವ ಕೋಡಿಂಗ್ ಅಭ್ಯಾಸದ ವೆಬ್‌ಸೈಟಿನ ಕಷ್ಟದ ಪ್ರಶ್ನೆ ಕೊಟ್ಟು, ಪಕ್ಕದಲ್ಲೇ ನಿಂತು ನೋಡಿದರೆ ಈ ತಿಳಿವಳಿಕೆ ಕಾಣುತ್ತಾ? 2020ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 48 ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಕೆಲವರು ಕೋಣೆಯಲ್ಲಿ ಒಬ್ಬರೇ ಬರೆದರು, ಉಳಿದವರು ಇನ್ನೊಬ್ಬರ ಕಣ್ಣೆದುರು. ನೋಡುವವರು ಇದ್ದಾಗ ಸಾಧನೆ ಅರ್ಧಕ್ಕಿಂತ ಕೆಳಗಿಳಿಯಿತು. ನಾವು ಎಷ್ಟೋ ಸಲ ಅಳೆಯುತ್ತಿರುವುದು ಭಯವನ್ನು.

ಇನ್ನೊಂದು ಮಾತನ್ನೂ ಹೇಳಲೇಬೇಕು. ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು, ಹೆಸರಿಲ್ಲದ ಕಾಲೇಜು. ಇಂಗ್ಲಿಷಿನಲ್ಲಿ ನನ್ನ ಪರಿಚಯ ಹೇಳಿಕೊಳ್ಳುವಾಗಲೇ ತಡವರಿಸುತ್ತಿದ್ದೆ. ನನ್ನನ್ನು ಒಳಗೆ ಬಿಟ್ಟಿದ್ದು ಆನ್‌ಲೈನ್ ಕೋಡಿಂಗ್ ಟೆಸ್ಟ್. ಅದು ಕಾಲೇಜಿನ ಹೆಸರು ಕೇಳಲಿಲ್ಲ. ಹಾಗಾಗಿ ಹೊಸಬರಿಗೆ ಆ ಬಾಗಿಲು ಮುಚ್ಚಬಾರದು. ಆದರೆ ಮಕ್ಕಳನ್ನು ಮಲಗಿಸಿ ರಾತ್ರಿ ಎರಡರವರೆಗೆ ಪ್ರಶ್ನೆ ಬಾಯಿಪಾಠ ಮಾಡುವ ಹತ್ತು ವರ್ಷದ ಅನುಭವಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತೆ.

ಆ ದಿನ ಕೊನೆಗೆ ಅವಳೇ ಕೇಳಿದಳು: "ಮೇಡಂ, ಆ ಟ್ರೀ ಪ್ರಶ್ನೆ ಇನ್ನೊಂದ್ಸಲ ನೋಡ್ಲಾ?" ಲ್ಯಾಪ್‌ಟಾಪ್ ಕೊಟ್ಟು ನಾನು ಕಾಫಿಗೆ ಹೊರಗೆ ಹೋದೆ. ಬರುವಷ್ಟರಲ್ಲಿ ಮುಗಿಸಿದ್ದಳು. ಈಗ ಎಲ್ಲರಿಗೂ ಮೊದಲ ಇಪ್ಪತ್ತು ನಿಮಿಷ ಕೋಣೆ ಬಿಟ್ಟುಕೊಡುತ್ತಿದ್ದೇನೆ.