ಗಾಳಿ ಇದ್ದರೆ ಗಾಡಿ

ಪ್ರಯಾಣದ ದೊಡ್ಡ ಆವಿಷ್ಕಾರಗಳ ಪಟ್ಟಿ ಮಾಡಲು ಕುಳಿತವರು ಚಕ್ರದಿಂದ ಶುರುಮಾಡಿ, ಉಗಿಯಂತ್ರಕ್ಕೆ ಜಿಗಿದು, ವಿಮಾನ ಹತ್ತಿಬಿಡುತ್ತಾರೆ. ಟೈರಿನೊಳಗಿನ ಗಾಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಣ್ಣಿಗೆ ಕಾಣದ್ದಕ್ಕೆ ಮರ್ಯಾದೆ ಕಡಿಮೆ. ನನ್ನನ್ನು ಕೇಳಿದರೆ, ಉಗಿಯಂತ್ರ ಕೊಟ್ಟದ್ದು ವೇಗವನ್ನು ಮಾತ್ರ; ಕುಳಿತು ಹೋಗುವವನ ಸೊಂಟ ಉಳಿಸಿದ್ದು ಗಾಳಿ.

1860ರ ದಶಕದಲ್ಲಿ ಯುರೋಪಿನ ಬೀದಿಗಳಿಗೆ ಬಂದ ಪೆಡಲ್ ಸೈಕಲ್ಲಿಗೆ ಮರದ ಚಕ್ರ, ಅದರ ಮೇಲೆ ಕಬ್ಬಿಣದ ಪಟ್ಟಿ. ಕಲ್ಲು ಹಾಸಿದ ಬೀದಿಯಲ್ಲಿ ಅದನ್ನೇರಿ ಹೊರಟವರ ಮೂಳೆಗಳಿಗೆ ಏನಾಗುತ್ತಿತ್ತೆಂದು ವಿವರಿಸಬೇಕಾಗಿಲ್ಲ. ತಮಾಷೆಯೆಂದರೆ ಇದಕ್ಕೆ ಮದ್ದು ಆಗಲೇ ಸಿದ್ಧವಾಗಿತ್ತು. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದು, ಕುದುರೆಗಾಡಿಗೆ ಹಾಕಿ ಲಂಡನ್ನಿನಲ್ಲಿ ಓಡಿಸಿಯೂ ತೋರಿಸಿದ್ದ. ಜನ ನೋಡಿದರು, ತಲೆದೂಗಿದರು, ಮರೆತರು.

ನಾಲ್ಕು ದಶಕಗಳ ನಂತರ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಚಕ್ರದ ಸೈಕಲ್ಲಿನ ಕುಲುಕಾಟ ತಪ್ಪಿಸಲು ಹೊರಟ. ಥಾಮ್ಸನ್ನನ ಹೆಸರನ್ನೂ ಅವನು ಕೇಳಿರಲಿಲ್ಲ. ಮರದ ಬಿಲ್ಲೆಯೊಂದರ ಸುತ್ತ ರಬ್ಬರ್ ಕೊಳವೆ ಬಿಗಿದು, ಫುಟ್‌ಬಾಲಿಗೆ ಗಾಳಿ ಹೊಡೆಯುವ ಪಂಪಿನಿಂದಲೇ ಅದನ್ನು ಉಬ್ಬಿಸಿ, ಅಂಗಳದಲ್ಲಿ ಉರುಳಿಸಿದ. ಸೈಕಲ್ಲಿನ ಹಳೆಯ ಚಕ್ರ ಅರ್ಧದಲ್ಲೇ ಬಿದ್ದರೆ, ಇದು ಅಂಗಳದ ಕೊನೆಯ ಗೇಟಿಗೆ ಬಡಿದು ಪುಟಿಯಿತಂತೆ. 1888ರಲ್ಲಿ ಪೇಟೆಂಟ್ ಬಂತು. ಮರುವರ್ಷ ವಿಲ್ಲಿ ಹ್ಯೂಮ್ ಎಂಬ ಸವಾರ ಈ ಉಬ್ಬಿದ ಟೈರು ಹಾಕಿಕೊಂಡು ಬೆಲ್‌ಫಾಸ್ಟ್‌ನ ಪಂದ್ಯಗಳಿಗೆ ಇಳಿದ, ಗೆದ್ದ. ನಕ್ಕವರ ಬಾಯಿ ಮುಚ್ಚಿತು. ಆಮೇಲೆ ಥಾಮ್ಸನ್ನನ ಹಳೆಯ ಕಾಗದ ಹೊರಬಿದ್ದು ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು. ಹೆಸರು ಮಾತ್ರ ಟೈರಿನ ಮೇಲೆ ಉಳಿಯಿತು.

ಗಾಳಿ ಬಂದ ದಿನವೇ ಪಂಕ್ಚರೂ ಬಂತು. ಮೊದಮೊದಲು ಟೈರನ್ನು ಚಕ್ರಕ್ಕೆ ಅಂಟಿಸಿಬಿಡುತ್ತಿದ್ದರಿಂದ ಒಂದು ತೂತು ಮುಚ್ಚಲು ಗಂಟೆಗಟ್ಟಲೆ ಬೇಕಿತ್ತು. ಫ್ರಾನ್ಸಿನ ಮಿಷೆಲಿನ್ ಸಹೋದರರು 1891ರಲ್ಲಿ ಕಳಚುವ ಟೈರು ತಂದರು. ನಮ್ಮ ರಸ್ತೆಬದಿಯ ಪಂಕ್ಚರ್ ಅಂಗಡಿಯ ಮೂಲಪುರುಷರು ಇವರೇ ಎನ್ನಬೇಕು.

ಆ ಅಂಗಡಿಯ ಕೆಲಸವನ್ನು ನಿಂತು ನೋಡುವುದು ನನಗಿಷ್ಟ. ಉಬ್ಬಿಸಿದ ಟ್ಯೂಬನ್ನು ಕಪ್ಪು ನೀರಿನ ಬಾಣಲೆಯಲ್ಲಿ ಅದ್ದಿ, ಹಿಸುಕುತ್ತಾ ಸುತ್ತ ತಿರುಗಿಸುತ್ತಾರೆ. ಎಲ್ಲೋ ಒಂದು ಕಡೆ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. ಆ ಜಾಗವನ್ನು ಒರೆಸಿ, ಅರದಿಂದ ಉಜ್ಜಿ, ಸಲ್ಯೂಷನ್ ಸವರಿ, ಬಾಯಿಂದ ಊದಿ ಆರಿಸಿ, ಪ್ಯಾಚ್ ಒತ್ತಿ, ಸುತ್ತಿಗೆಯಿಂದ ನಾಲ್ಕು ಏಟು. ಎರಡನೆಯ ತೂತು ಸಿಕ್ಕಿತೆಂದರೆ ಅವರ ಮುಖದಲ್ಲಿ ಎಕ್ಸ್‌ರೇ ಹಿಡಿದ ವೈದ್ಯರ ಗಾಂಭೀರ್ಯ. ಟ್ಯೂಬ್‌ಲೆಸ್ ಬಂದ ಮೇಲೆ ಈ ಸೊಗಸೆಲ್ಲ ಹೋಯಿತು.

ನಾಳಿನ ಪ್ರಯಾಣದ ಚಿತ್ರಗಳಲ್ಲಿ ಟೈರೇ ಕಾಣುವುದಿಲ್ಲ, ಎಲ್ಲವೂ ತೇಲುತ್ತಿರುತ್ತವೆ. ಜಪಾನಿನ ಮ್ಯಾಗ್ಲೆವ್ ರೈಲು 2015ರ ಪರೀಕ್ಷೆಯಲ್ಲಿ ಗಂಟೆಗೆ 603 ಕಿ.ಮೀ. ವೇಗ ಮುಟ್ಟಿತು, ಆಯಸ್ಕಾಂತದ ಬಲದಿಂದ ಸುಮಾರು 10 ಸೆಂ.ಮೀ. ಮೇಲೆ ತೇಲುತ್ತಾ. ಆದರೆ ತೇಲುವಷ್ಟು ವೇಗ ಕೂಡುವವರೆಗೆ ಆ ಮಹಾಶಯನೂ ರಬ್ಬರ್ ಟೈರಿನ ಮೇಲೆಯೇ ಓಡಬೇಕು, ನಿಲ್ಲುವ ಮುನ್ನ ಮತ್ತೆ ಅದರ ಮೇಲೆಯೇ ಇಳಿಯಬೇಕು. ಈ ಸಂಗತಿ ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಗಾಳಿಯನ್ನೇ ಬಿಡುವ ಪ್ರಯತ್ನವೂ ನಡೆದಿದೆ. 1971ರಲ್ಲಿ ಚಂದ್ರನ ಮೇಲೆ ಓಡಿದ ಅಪೋಲೊ 15ರ ವಾಹನಕ್ಕೆ ತಂತಿಬಲೆಯ ಚಕ್ರಗಳಿದ್ದವು. 2019ರಲ್ಲಿ ಮಿಷೆಲಿನ್ ಕಂಪನಿಯೇ ಕಾರಿಗೆಂದು ಗಾಳಿಯಿಲ್ಲದ ಟೈರನ್ನು ತೋರಿಸಿತು; ಒಳಗೆ ಗಾಳಿಯ ಬದಲು ಬಾಗುವ ಪಟ್ಟಿಗಳು, ಪಟ್ಟಿಗಳ ನಡುವೆ ತೆರೆದ ಸಂದಿಗಳು. ಪಂಕ್ಚರಿನ ಮಾತೇ ಇಲ್ಲ ಎನ್ನುತ್ತಾರೆ. ಇರಬಹುದು. ಮಲೆನಾಡಿನ ಆಷಾಢದ ಕೆಸರು, ಜಲ್ಲಿಕಲ್ಲು ಆ ಸಂದಿಗಳಲ್ಲಿ ಹೊಕ್ಕು ಕುಳಿತಾಗ ಅದನ್ನು ಕೆದಕಿ ತೆಗೆಯಲು ರಸ್ತೆಬದಿಯಲ್ಲಿ ಯಾರಾದರೂ ಒಂದು ಅಂಗಡಿ ಇಟ್ಟೇ ಇಡುತ್ತಾರೆ.